ಕರೆಯದೆ ಓಗೊಟ್ಟವನು

ಹವಾನಾಕ್ಕೆ ಮೂಡಣದ ಮತಾನ್ಸಸ್ ಊರಿನ ಸಿಂಪ್ಸನ್ ಕೇರಿಯಲ್ಲಿ ಎಲಾದಿಯೊನ ಕೈಗಳ ಬಗ್ಗೆ ಕೇಳದವರಿರಲಿಲ್ಲ. ಇದ್ದರೆ ಅದು ಎಲಾದಿಯೊನ ತಪ್ಪಲ್ಲ. ಹೇಳುವುದರಲ್ಲಿ ಅವನು ಏನೂ ಕಡಿಮೆ ಮಾಡಿರಲಿಲ್ಲ. ಹುಡುಗನಾಗಿದ್ದಾಗಲೇ ಆ ಕೈಗಳನ್ನು ಎಲೆಯ ರಸದಲ್ಲಿ ತೊಳೆದು ದೇವರ ವಾದ್ಯಕ್ಕೆ ಒಪ್ಪಿಸಿದ್ದರು. ಅಂದಿನಿಂದ ಅವು ತಟ್ಟೆ ತೊಳೆದಿಲ್ಲ, ಬಕೆಟ್ ಎತ್ತಿಲ್ಲ, ಹಸಿ ಮೀನು ಮುಟ್ಟಿಲ್ಲ. ಸಂಜೆ ಬಾಗಿಲ ಬಳಿ ತೂಗುಕುರ್ಚಿ ಹಾಕಿಕೊಂಡು ಬೆರಳು ಬೆರಳಿಗೂ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವಾಗ ದಾರಿಹೋಕರು ನಿಂತು ನಮಸ್ಕಾರ ಹೇಳುತ್ತಿದ್ದರು. ನಮಸ್ಕಾರ ತನಗೋ ಕೈಗೋ ಎಂಬುದು ಅವನಿಗೆ ಸ್ಪಷ್ಟವಿರಲಿಲ್ಲ. ಎರಡೂ ಒಂದೇ ಎಂದುಕೊಂಡು ತಲೆಯಾಡಿಸುತ್ತಿದ್ದ.

"ಈ ಕೈ ನನ್ನದಲ್ಲ ಕಣೇ, ಆನ್ಯಾದು," ಎನ್ನುತ್ತಿದ್ದ ಹೆಂಡತಿ ಒಬ್ದುಲಿಯಾಗೆ. ಆನ್ಯಾ ಎಂದರೆ ವಾದ್ಯದ ಹೊಟ್ಟೆಯೊಳಗೆ ಕೂತ ದೇವರು.

"ಹಂಗಾದ್ರೆ ಊಟಾನೂ ಆನ್ಯಾನೇ ಹಾಕ್ಲಿ. ನಮ್ಮನೇಲಿ ನಿಂದು ಅಂತ ಇರೋದು ಬಾಯೊಂದೇ ತಾನೆ?" ಎನ್ನುತ್ತಾ ಅವಳು ಬಕೆಟ್ ಎತ್ತಿಕೊಂಡು ಹೋಗುತ್ತಿದ್ದಳು.

ಆ ವಾದ್ಯದ ಹೆಸರು ಬಟಾ. ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ಎರಡೂ ಮುಖಕ್ಕೆ ಬಡಿಯುವಂಥದು, ಒಟ್ಟು ಮೂರು. ದೊಡ್ಡದು ತಾಯಿ, ಅವಳು ಕರೆಯುತ್ತಾಳೆ. ನಡುವಿನದು ಓಗೊಡುತ್ತದೆ. ಮರಿ ಒಂದೇ ಮಾತನ್ನು ಬಿಡದೆ ಹೇಳುತ್ತಾ ಹೆಜ್ಜೆ ಕಾಯುತ್ತದೆ. ಯೊರುಬಾ ನಾಡಿನಿಂದ ಗುಲಾಮರಾಗಿ, ಹಡಗಿನ ಹೊಟ್ಟೆಯಲ್ಲಿ ಸರಪಳಿ ತೊಟ್ಟು ಬಂದವರಿಗೆ ಮರದ ವಾದ್ಯ ತರಲಾಗಲಿಲ್ಲ, ಕೈಯೊಳಗೆ ಇದ್ದದ್ದನ್ನು ತಂದರು. ಕಬ್ಬಿನ ಗದ್ದೆಯ ನಡುವೆ ಮತ್ತೆ ಮರ ಕೊರೆದರು, ಚರ್ಮ ಬಿಗಿದರು, ದೇವರನ್ನು ಕೂರಿಸಿದರು. ದೇವರು ಕೂತ ಮೇಲೆ ಬಟಾ ನೆಲ ಮುಟ್ಟುವಂತಿಲ್ಲ. ನುಡಿಸದಿರುವಾಗ ಗೋಡೆಯ ಗೂಟಕ್ಕೆ ತೂಗುಹಾಕಬೇಕು. ಹೀಗೆ ನೆಲ ಮುಟ್ಟದೆ ಕೈಯಿಂದ ಕೈಗೆ ಬಂದು, ಮಕಾರಿಯೊ ಎಂಬ ಗುರುವಿನ ಕೈ ದಾಟಿ, ಆ ಮೂರು ಬಟಾಗಳು ಎಲಾದಿಯೊನ ಪಾಲಿಗೆ ಬಂದಿದ್ದವು. ತಾಯಿಯನ್ನು ಮಡಿಲಲ್ಲಿಟ್ಟುಕೊಳ್ಳುವವನು ಅವನೇ.

ಬೇರೆಯವರು ನುಡಿಸುವಾಗ ಎಲಾದಿಯೊ ಕಣ್ಣು ಮುಚ್ಚಿ ಕೂರುತ್ತಿದ್ದ. ಏಟು ತಪ್ಪಿದಾಗ ಎಡಗಡೆಯ ಹುಬ್ಬು ಮೇಲೇರುತ್ತಿತ್ತು. ಆ ಹುಬ್ಬಿಗೆ ಹೆದರಿ ಬಟಾ ಬಿಟ್ಟು ಟ್ರಂಪೆಟ್ ಹಿಡಿದವರಿದ್ದರು.

"ನಮ್ದು ಕಾವಲು ಕೆಲಸ," ಎಂದು ಶಿಷ್ಯರಿಗೆ ಹೇಳುತ್ತಿದ್ದ. "ಅಜ್ಜಂದಿರು ಬಿಟ್ಟುಹೋಗಿದ್ದಕ್ಕೆ ಒಂದೇಟು ಸೇರಿಸೋ ಹಾಗಿಲ್ಲ, ಒಂದೇಟು ಬಿಡೋ ಹಾಗಿಲ್ಲ. ಹವಾನಾದೋರು ಸೇರಿಸ್ತಾರೆ. ಅದು ಅವರ ಹಣೆಬರಹ."

ಹೀಗೆ ಹೇಳಿದಾಗಲೆಲ್ಲ ಅವನ ಹೊಟ್ಟೆಯೊಳಗೆ ಕಲ್ಲೊಂದು ಮಗ್ಗುಲು ಬದಲಿಸಿದಂತಾಗುತ್ತಿತ್ತು. ಅದನ್ನು ಅವನು ವಾಯು ಎಂದು ತೀರ್ಮಾನಿಸಿ ಸೋಂಪಿನ ಕಷಾಯ ಕುಡಿಯುತ್ತಿದ್ದ. ಎಷ್ಟೋ ವರ್ಷಗಳಿಂದ ಕುಡಿಯುತ್ತಿದ್ದ. ಸೋಂಪು ಖರ್ಚಾಗುತ್ತಿತ್ತೇ ಹೊರತು ಕಲ್ಲು ಕರಗಿರಲಿಲ್ಲ.

ಎಲಾದಿಯೊನ ಹೆಸರು ಕಡಲು ದಾಟಿ ಹೋದದ್ದು ಒಂದು ಮೌನದಿಂದ. ಇನ್ಲೆ ಎಂಬ ದೇವರಿದ್ದಾನೆ. ನದಿಯ ವೈದ್ಯ, ಮೀನುಗಾರ. ತನ್ನ ಗುಟ್ಟು ಹೊರಬೀಳದಿರಲೆಂದು ಕಡಲತಾಯಿ ಯೆಮಯಾ ಅವನ ನಾಲಿಗೆ ಕತ್ತರಿಸಿದಳೆಂದು ಕಥೆ. ಆ ಇನ್ಲೆಗೆ ನುಡಿಸುವ ಭಾಗದಲ್ಲಿ, ಹೊಳೆಯಂತೆ ಹರಿಯುತ್ತಿದ್ದ ವಾದನ ಒಂದು ಕಡೆ ಥಟ್ಟನೆ ನಿಂತುಬಿಡುತ್ತಿತ್ತು. ತಾಯಿ ಕರೆಯುವುದಿಲ್ಲ, ನಡುವಿನದು ಓಗೊಡುವುದಿಲ್ಲ, ಮರಿಯೊಂದೇ ಟಕಟಕ ಎನ್ನುತ್ತಿರುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊಳೆ. ನಾಲಿಗೆಯಿಲ್ಲದ ದೇವರಿಗೆ ಇದು ಮೌನದ ಕಾಣಿಕೆ, ಅಜ್ಜಂದಿರ ಕಾಲದ್ದು, ಮಕಾರಿಯೊ ಗುರುಗಳು ತನಗೊಬ್ಬನಿಗೇ ದಾಟಿಸಿದ್ದು ಎಂದು ಎಲಾದಿಯೊ ಹೇಳುತ್ತಿದ್ದ. ದೂರದೂರದಿಂದ ಬಂದವರು ಆ ಜಾಗ ಬಂದಾಗ ಕಣ್ಣೊರೆಸಿಕೊಳ್ಳುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ಒರೆಸಿಕೊಂಡವನು ಒರೆಸ್ತೆಸ್. ಅವನ ತಾತ ಇದೇ ಕೇರಿಯವನು. ಅವನು ಹುಟ್ಟಿದ್ದು ನ್ಯೂಜೆರ್ಸಿಯ ಯೂನಿಯನ್ ಸಿಟಿಯಲ್ಲಿ, ಅಲ್ಲಿ ಬಸ್ ಓಡಿಸುತ್ತಿದ್ದ. ಅಜ್ಜಿಯ ಬಾಯಿಂದ ಊರಿನ ಭಾಷೆ ಕಲಿತದ್ದರಿಂದ, ಆಳೆತ್ತರದ ಡ್ರೈವರು ಬಾಯಿ ತೆರೆದರೆ ಹಲ್ಲುಬಿದ್ದ ಮುದುಕಿ ಮಾತಾಡಿದಂತಿರುತ್ತಿತ್ತು. ವರ್ಷಕ್ಕೊಮ್ಮೆ ಸೂಟ್‌ಕೇಸ್ ತುಂಬ ಬ್ಯಾಟರಿ, ಚಪ್ಪಲಿ, ಕಾಫಿಪುಡಿ ತುಂಬಿಕೊಂಡು ಬಂದು ಎಲಾದಿಯೊನ ಕಾಲಬುಡದಲ್ಲಿ ಕೂರುತ್ತಿದ್ದ. ಇನ್ಲೆಯ ವಾದನವನ್ನು ದೊಡ್ಡ ಚುಕ್ಕಿ, ಸಣ್ಣ ಚುಕ್ಕಿಗಳಲ್ಲಿ ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ನಡುವೆ ಬರೀ ಚರ್ಮ, ಅದು ಮೌನ. ನೋಡಿದವರು ಹಚ್ಚೆಯವನ ಹತ್ತಿರ ಶಾಯಿ ಮುಗಿಯಿತೇ ಎಂದು ಕೇಳುತ್ತಿದ್ದರು.

ಈ ಸಲ ಒರೆಸ್ತೆಸ್ ಬಂದದ್ದು ದೊಡ್ಡ ಕೆಲಸಕ್ಕೆ. ಯೂನಿಯನ್ ಸಿಟಿಯವರಿಗಾಗಿ ಹೊಸ ಮೂರು ಬಟಾ ಕೊರೆದು ಸಿದ್ಧವಾಗಿದ್ದವು. ಆದರೆ ಹೊಸ ಬಟಾಕ್ಕೆ ತನ್ನಷ್ಟಕ್ಕೆ ದನಿ ಹುಟ್ಟುವುದಿಲ್ಲ. ಹಳೆಯವು ಅದರ ಎದುರು ಪೂರ್ತಿ ನುಡಿಯಬೇಕು, ಆಮೇಲೆ ಹಳೆಯವು ಹೊಸವು ಜೊತೆಗೂಡಬೇಕು, ಕೊನೆಗೆ ಹಳೆಯವು ಸುಮ್ಮನಾಗಿ ಹೊಸವು ಮುಂದುವರಿಯಬೇಕು. ಆ ದಿನ ಹಳೆಯ ತಾಯಿ ಏನು ನುಡಿಯುತ್ತಾಳೋ ಅದೇ ಹೊಸದರ ಹುಟ್ಟುಮಾತು. ಅದನ್ನು ಆಮೇಲೆ ಯಾರೂ ತಿದ್ದುವಂತಿಲ್ಲ.

"ಗುರುಗಳೇ, ನಿಮ್ಮ ಮೌನ ಇನ್ನು ಅಮೆರಿಕಾದಲ್ಲೂ ಹುಟ್ಟುತ್ತೆ," ಎಂದ ಒರೆಸ್ತೆಸ್, ಮುಂಗೈ ಸವರಿಕೊಳ್ಳುತ್ತಾ. "ನಮ್ಮ ಬಟಾದಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ. ನಾವೆಲ್ಲ ಸತ್ತು ಮಣ್ಣಾದರೂ ನಿಮ್ಮ ಮೌನ ಸಾಯೋದಿಲ್ಲ, ನನ್ನಪ್ಪಾ."

ಎಲಾದಿಯೊ ಎದ್ದು ಹೋಗಿ ಕಷಾಯಕ್ಕೆ ನೀರಿಡಲು ಹೇಳಿದ.

ನಡೆದದ್ದು ಇಷ್ಟು. ಮಕಾರಿಯೊ ಗುರು ತೀರಿಕೊಂಡ ವರ್ಷ. ತಾಯಿ ಬಟಾ ಹಿಡಿಯುವ ಅಧಿಕಾರ ಎಲಾದಿಯೊನಿಗೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ಹಾಡುಗಾರ್ತಿ ನಿಕೊಲಾಸಾಳ ಮನೆಯಲ್ಲಿ ಪೂಜೆ. ನಡುವಿನ ಬಟಾ ಹಿಡಿದವನು ರುಫೀನೊ, ಎಲಾದಿಯೊನ ಜೊತೆಯಲ್ಲೇ ಕೈ ತೊಳೆಸಿಕೊಂಡವನು, ಒಂದೇ ಗಲ್ಲಿಯಲ್ಲಿ ಒಂದೇ ಚೆಂಡಿಗೆ ಒದ್ದು ಬೆಳೆದವನು. ಎಲಾದಿಯೊ ಅಂದು ಹೊಸ ಬಿಳಿ ಟೋಪಿ ಹಾಕಿದ್ದ. ಎದುರಿಗೆ ನಿಕೊಲಾಸಾಳ ಗಾಜಿನ ಬೀರು. ಇನ್ಲೆಯ ಭಾಗಕ್ಕೆ ಬಂದಾಗ ಆ ಗಾಜಿನಲ್ಲಿ ಅವನಿಗೆ ಒಬ್ಬ ಗಂಭೀರ ಮನುಷ್ಯ ಕಂಡ. ಮಡಿಲಲ್ಲಿ ತಾಯಿ, ತಲೆಯ ಮೇಲೆ ಟೋಪಿ, ತುಸು ಓರೆ. ಓರೆ ಚಂದವೋ ನೇರ ಚಂದವೋ ಎಂದು ಎಲಾದಿಯೊ ಗಲ್ಲ ಎತ್ತಿ ನೋಡಿದ. ಅಷ್ಟರಲ್ಲಿ ತಾಯಿ ಕರೆಯಬೇಕಿದ್ದ ಜಾಗ ಬಂದು ಹೋಗಿತ್ತು.

ತಾಯಿ ಕರೆಯಲಿಲ್ಲ. ರುಫೀನೊ ಮಾತ್ರ, ಕರೆ ಇಲ್ಲೇ ಬರಬೇಕೆಂದು ಗೊತ್ತಿದ್ದವನು, ತನ್ನ ಪಾಡಿಗೆ ಓಗೊಟ್ಟ. ಬರಿದಾದ ಜಾಗಕ್ಕೆ ಆ ಉತ್ತರ ಒಂಟಿಯಾಗಿ ಬಿದ್ದು ವಾದನ ಮುಗ್ಗರಿಸಿತು. ಮನೆಯವರೆಲ್ಲ ತಲೆ ಎತ್ತಿದರು.

"ಏನಾಯ್ತ್ರೋ?" ಎಂದು ಯಾರೋ ಹಿರಿಯರು ಕೇಳಿದರು.

ನಾನು ತಪ್ಪಿದೆ ಎಂಬ ಒಂದು ಮಾತು ಸಾಕಿತ್ತು. ಹೊಸ ಟೋಪಿಯ ಕೆಳಗಿನಿಂದ ಬೇರೆ ಮಾತು ಬಂತು: "ಇಲ್ಲಿ ಮೌನ. ಮಕಾರಿಯೊ ಗುರುಗಳು ಕೊನೆಗಾಲದಲ್ಲಿ ನನಗೆ ಹೇಳಿಕೊಟ್ಟಿದ್ದು. ಇನ್ಲೆಗೆ ನಾಲಿಗೆ ಇಲ್ಲ. ಇವನಿಗೇನು ಗೊತ್ತು? ಕತ್ತೆ. ಕರೆಯದೇ ಇದ್ರೂ ಓಗೊಡ್ತಾನೆ."

ರುಫೀನೊ ಅವನನ್ನೇ ನೋಡಿದ. ಬೇರೆ ಯಾವ ವಾದ್ಯವಾದರೂ ಆಗಿದ್ದರೆ ಸಿಟ್ಟಿನಲ್ಲಿ ಎಸೆದು ಹೋಗಬಹುದಿತ್ತು. ಇದನ್ನು ನೆಲಕ್ಕಿಡುವಂತೆಯೂ ಇಲ್ಲ. ಎದ್ದು ನಿಂತು, ಬಟಾವನ್ನು ತಬ್ಬಿಕೊಂಡು, ಯಾರಾದರೂ ತೆಗೆದುಕೊಳ್ಳುತ್ತಾರೇನೋ ಎಂದು ಸುತ್ತ ನೋಡಿದ. ಕೈ ಚಾಚಿದರೆ ಅವನ ಪಕ್ಷ ಹಿಡಿದಂತಾಗುತ್ತದೆಂದು ಯಾರೂ ಚಾಚಲಿಲ್ಲ. ಕೊನೆಗೆ ತಾನೇ ಗೋಡೆಯ ಬಳಿ ಹೋಗಿ, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಗೂಟಕ್ಕೆ ತೂಗುಹಾಕಿ, ಹಗ್ಗ ಸರಿಮಾಡಿ, ಹೊರಗೆ ನಡೆದ. ಬೈದಿದ್ದರೆ ಎಲಾದಿಯೊ ಮರೆತುಬಿಡುತ್ತಿದ್ದನೇನೋ. ಆ ಹಗ್ಗ ಸರಿಮಾಡಿದ್ದನ್ನು ಮರೆಯಲಾಗಲಿಲ್ಲ.

ಒಂದು ಸುಳ್ಳು ಹೇಳಿದ ಮೇಲೆ ಅದನ್ನು ಪ್ರತಿ ಸಲ ನುಡಿಸಲೇಬೇಕಾಯಿತು, ಕಲಿಸಲೇಬೇಕಾಯಿತು. ಒಂದು ಟೋಪಿ ನೋಡಿಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಉದ್ದದ ಆ ಮೌನಕ್ಕೆ ಕೈಮುಗಿಯುವವರು ಹುಟ್ಟಿಕೊಂಡರು. ರುಫೀನೊ ಮತ್ತೆ ಬಟಾ ಮುಟ್ಟಲಿಲ್ಲ.

ಒರೆಸ್ತೆಸ್ ಬಂದ ಮರುದಿನ ಎಲಾದಿಯೊ ಒಂದು ತೀರ್ಮಾನಕ್ಕೆ ಬಂದ. ಯಾರಿಗೂ ಏನೂ ಹೇಳಬೇಕಿಲ್ಲ. ಆ ದಿನ ಮೌನ ಬಿಟ್ಟು ನಿಜವಾದ ಕರೆ ನುಡಿಸಿಬಿಡುವುದು. ಯಾರಾದರೂ ಕೇಳಿದರೆ, ಇದು ಇನ್ನೂ ಹಳೆಯದು, ಇನ್ನೂ ಗುಟ್ಟಿನದು ಎಂದರಾಯಿತು. ಪ್ರಾಯಶ್ಚಿತ್ತಕ್ಕೆ ಪ್ರಾಯಶ್ಚಿತ್ತ, ಮರ್ಯಾದೆಗೆ ಮರ್ಯಾದೆ. ಈ ಏರ್ಪಾಡು ಅವನಿಗೆ ಎಷ್ಟು ಹಿಡಿಸಿತೆಂದರೆ ಅಂದು ಕಷಾಯವನ್ನೂ ಕುಡಿಯಲಿಲ್ಲ.

ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು, ಬಕೆಟ್ ಬೋರಲು ಹಾಕಿ, ಮಡಿಲಿಗೆ ಎಳೆದುಕೊಂಡು ಬಾರಿಸಿದ. ಇನ್ಲೆ ಹರಿಯಿತು. ಆ ಜಾಗ ಬಂತು. ಕೈ ನಿಂತಿತು.

ಮತ್ತೆ ಮೊದಲಿನಿಂದ. ಮತ್ತೆ ನಿಂತಿತು. ಮಕಾರಿಯೊ ಆ ಕರೆ ಹೇಳಿಕೊಟ್ಟದ್ದು ಸಾಯುವ ಮುಂಚಿನ ದಿನಗಳಲ್ಲಿ. ಅದು ಕೈಗೆ ಕೂರುವ ಮೊದಲೇ ಎಲಾದಿಯೊ ಅದರ ಜಾಗದಲ್ಲಿ ಮೌನ ಕೂರಿಸಿದ್ದ. ಬಲಗೈಯಿಂದ ಶುರುವೋ ಎಡಗೈಯಿಂದಲೋ ಎಂಬುದೂ ನೆನಪಿಗೆ ಬರಲಿಲ್ಲ. ಸುಳ್ಳನ್ನು ಕಾದುಕೊಂಡು ಬಂದಿದ್ದ, ನಿಜ ಕೈಜಾರಿ ಹೋಗಿತ್ತು.

"ಏನಯ್ಯಾ, ಬಕೆಟ್‌ಗೂ ದೇವರು ಬಂತಾ?" ಎಂದು ಒಬ್ದುಲಿಯಾ ಹೊರಗಿನಿಂದ ಬಾಗಿಲು ತಟ್ಟಿದಳು. "ನಲ್ಲೀಲಿ ನೀರು ಬರ್ತಿದೆ, ಕೊಡು ಆಚೆ!"

ಬಾಗಿಲು ತೆರೆದ ಗಂಡನ ಮುಖ ನೋಡಿ ಅವಳ ನಗು ನಿಂತಿತು. "ಏನಾಯ್ತು?"

"ವಾಯು," ಎಂದ.

ನಿಕೊಲಾಸಾಗೆ ಈಗ ಕಣ್ಣು ಮಂಜು, ದನಿ ಮಾತ್ರ ಹಾಗೇ ಇತ್ತು. ಹೆಂಗಸರು ದೇವರ ಬಟಾ ಮುಟ್ಟುವಂತಿಲ್ಲ. ಆದರೆ ಆ ಬಟಾದ ಮೇಲೆ ಜೀವಮಾನವಿಡೀ ಹಾಡಿದವಳ ಕಿವಿಯಲ್ಲಾದರೂ ಕರೆ ಉಳಿದಿದ್ದೀತೆಂದು ಎಲಾದಿಯೊ ಅವಳ ಮನೆಗೆ ಹೋದ. ಸುತ್ತಿ ಬಳಸಿ, ಸಂಶೋಧನೆ, ಪರಂಪರೆ ಎಂದೆಲ್ಲ ಮಾತು ಕಟ್ಟಿ ಕೇಳಿದ. ಅವಳು ಕಾಫಿ ಲೋಟ ತಿರುಗಿಸುತ್ತಾ ಕೇಳಿಸಿಕೊಂಡಳು.

"ಕರೆ ಹೆಂಗಿತ್ತು ಅಂತ ನಂಗೆ ಬಾಯಲ್ಲಿ ಹೇಳೋಕೆ ಬರಲ್ಲ ಮಗಾ. ಆದ್ರೆ ಅಲ್ಲಿ ತೂತು ಇರ್ಲಿಲ್ಲ. ಅದಂತೂ ಗೊತ್ತು."

ಎಲಾದಿಯೊ ಮತ್ತೆ ಪರಂಪರೆಯ ಮಾತೆತ್ತಲು ಹೋದ.

"ಆವತ್ತೇ ಗೊತ್ತಿತ್ತು," ಎಂದಳು ಅವಳು, ಬೀರುವಿನ ಕಡೆ ಗಲ್ಲ ತೋರಿಸಿ. "ನೀನು ಗಾಜಿನಲ್ಲಿ ನಿನ್ನ ಟೋಪಿ ನೋಡ್ಕೊಳ್ತಿದ್ದೆ. ನಾನು ಗಾಜಿನಲ್ಲಿ ನಿನ್ನ ನೋಡ್ತಿದ್ದೆ."

"ಅಜ್ಜಿ... ಮತ್ತೆ ಯಾಕೆ ಹೇಳ್ಲಿಲ್ಲ?"

"ಮಕಾರಿಯೊ ಸತ್ತು ಎಷ್ಟು ದಿನ ಆಗಿತ್ತು? ತಾಯಿ ಹಿಡಿಯೋಕೆ ಕೇರೀಲಿ ಇನ್ನೊಬ್ಬ ಇರ್ಲಿಲ್ಲ. ನಿನ್ನ ಬೈದ್ರೆ ನೀನೂ ಎದ್ದು ಹೋಗ್ತಿದ್ದೆ, ಆಮೇಲೆ ದೇವರ ಮುಂದೆ ತಗಡು ಬಾರಿಸ್ಬೇಕಿತ್ತು. ಅದಕ್ಕೆ ರುಫೀನೊನ ಬಿಟ್ಟುಕೊಟ್ಟೆ. ಅವನು ಈಗ್ಲೂ ದಾರೀಲಿ ಸಿಕ್ರೆ ನಂಗೆ ಮೀನು ಕೊಡ್ತಾನೆ. ತಿನ್ನೋವಾಗ ಮುಳ್ಳು ಚುಚ್ಚಿದಾಗೆಲ್ಲ ನಂಗೆ ತಕ್ಕದ್ದೇ ಆಯ್ತು ಅಂದ್ಕೋತೀನಿ." ಲೋಟ ಕೆಳಗಿಟ್ಟಳು. "ಆ ಕರೆ ಇದ್ರೆ ಅವನ ಹತ್ರ ಇದೆ. ಹೋಗು. ಹೇಳೋದಾದ್ರೆ ಟೋಪಿ ಸಮೇತ ಹೇಳು."

ರುಫೀನೊ ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ನಿವೃತ್ತನಾಗಿ, ಸಂಜೆಗಳನ್ನು ಯುಮುರಿ ನದಿಯ ಸೇತುವೆಯ ಮೇಲೆ ಗಾಳ ಹಾಕಿಕೊಂಡು ಕಳೆಯುತ್ತಿದ್ದ. ಆ ಸೇತುವೆ ದಾಟಬೇಕಾಗಬಾರದೆಂದೇ ಎಲಾದಿಯೊ ಇಷ್ಟು ವರ್ಷ ಸುತ್ತುದಾರಿ ಹಿಡಿದಿದ್ದ.

"ಮಹಾಸ್ವಾಮಿಗಳು ದಾರಿ ತಪ್ಪಿದ್ರಾ?" ಎಂದ ರುಫೀನೊ, ತಲೆ ತಿರುಗಿಸದೆ.

"ರುಫೀನೊ, ಪರಂಪರೆಯ ದೃಷ್ಟಿಯಿಂದ ನೋಡಿದ್ರೆ, ನಮ್ಮಿಬ್ಬರ ಮೇಲೂ ಒಂದು ಚಾರಿತ್ರಿಕ—"

"ಮೆಲ್ಲಗೆ ಮಾತಾಡು. ಮೀನು ಹೆದರ್ಕೋತವೆ."

ಎಲಾದಿಯೊ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಭಾಷಣ ಅಲ್ಲೇ ನೀರಿಗೆ ಬಿತ್ತು. ಉಳಿದದ್ದು ಒಂದೇ ವಾಕ್ಯ. "ಇನ್ಲೆಯ ಕರೆ ನಂಗೆ ಮರೆತುಹೋಗಿದೆ."

ರುಫೀನೊ ನಗುತ್ತಾನೆಂದುಕೊಂಡಿದ್ದ. ಅವನು ನಗಲಿಲ್ಲ. ಗಾಳದ ದಾರ ಕೈಯಲ್ಲಿ ಸಡಿಲವಾಯಿತು. ಮೊದಲ ಬಾರಿಗೆ ತಿರುಗಿ ನೋಡಿದ.

"ಮರೆತೇ ಹೋಯ್ತಾ?"

"ಹೂಂ."

"ಒಬ್ನೇ ಇದ್ದಾಗ್ಲೂ ನುಡಿಸ್ಲಿಲ್ವಾ? ಬಾಗಿಲು ಹಾಕ್ಕೊಂಡಾದ್ರೂ?"

ಎಲಾದಿಯೊ ಇಲ್ಲವೆಂದು ತಲೆಯಾಡಿಸಿದ.

"ನನ್ನ ಕತ್ತೆ ಅಂದಿದ್ದು ನುಂಗ್ಕೊಂಡೆ ಕಣೋ. ಹೊರಗಡೆ ಬುರುಡೆ ಬಿಡ್ಲಿ, ಒಳಗಡೆ ಜೋಪಾನವಾಗಿ ಇಟ್ಕೊಂಡಿರ್ತಾನೆ, ಮಕಾರಿಯೊ ಕೊಟ್ಟಿದ್ದನ್ನ ಕಳೆಯೋಷ್ಟು ಹಾಳಾಗಿರಲ್ಲ ಅಂದ್ಕೊಂಡಿದ್ದೆ. ಅದೊಂದು ಸಮಾಧಾನ ಇತ್ತು ನಂಗೆ. ಅದನ್ನೂ ತಿಂದ್ಯಲ್ಲೋ."

ಸೇತುವೆಯ ಮೇಲೆ ಸೈಕಲ್‌ಗಳು ಹೋದವು. ಯಾರೋ ಗುರುತಿಸಿ "ನಮಸ್ಕಾರ ಗುರುಗಳೇ!" ಎಂದು ಕೂಗಿದರು. ಗುರುಗಳು ಕೈ ಎತ್ತಲಿಲ್ಲ.

ಕೊನೆಗೆ ರುಫೀನೊ ಗಾಳವನ್ನು ಸೇತುವೆಯ ಕಂಬಿಗೆ ಕಟ್ಟಿ, ಮೀನಿನ ಬಕೆಟ್ ಮೊಣಕಾಲ ನಡುವೆ ಇಟ್ಟುಕೊಂಡ. ಒಳಗೆ ಎರಡು ಸಣ್ಣ ಮೀನು ಒದ್ದಾಡುತ್ತಿದ್ದವು. ಬಕೆಟ್ಟಿನ ಪಕ್ಕಕ್ಕೆ ಬೆರಳುಗಳಿಂದ ತನ್ನ ಓಗೊಡುವಿಕೆಯನ್ನು ನುಡಿಸಿದ. ಒಂದು ಪೆಟ್ಟೂ ಅಳುಕದೆ ಬಂತು.

"ಇದು ಉತ್ತರ. ಇದಕ್ಕೆ ಯಾವ ಪ್ರಶ್ನೆ ಕೇಳಿದ್ರೆ ಸರಿಹೋಗುತ್ತೆ ಅಂತ ನೀನೇ ಹುಡುಕು. ನಾನು ಹೇಳಿಕೊಡಲ್ಲ. ಹುಡುಕಿದ್ರೆ ಮಾತ್ರ ಕೈಯಲ್ಲಿ ಉಳಿಯುತ್ತೆ."

ಎಲಾದಿಯೊ ಕಬ್ಬಿಣದ ಕಂಬಿಯ ಮೇಲೆ ಕೈ ಇಟ್ಟ. ಒಂದು ಕರೆ ಕೊಟ್ಟ. ರುಫೀನೊ ಸುಮ್ಮನೆ ಕೂತಿದ್ದ. ಇನ್ನೊಂದು. ಸುಮ್ಮನೆ. ತುಕ್ಕು ಕಿತ್ತುಬಂದು ಎಣ್ಣೆ ಹಚ್ಚಿದ ಬೆರಳುಗಳಿಗೆ ಅಂಟಿತು. ಬಿಸಿಲು ಇಳಿಯುವ ಹೊತ್ತಿಗೆ ಎಡಗೈ ತಾನಾಗಿ ಮುಂದೆ ಹೋಯಿತು, ಬಲಗೈ ಅದರ ಬೆನ್ನಿಗೆ ಹಾರಿತು, ಬಕೆಟ್ಟು ತಟಕ್ಕನೆ ಓಗೊಟ್ಟಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಆವತ್ತು ನಡುವಿನದು ನೀನೇ ನುಡಿಸ್ಬೇಕು," ಎಂದ ಎಲಾದಿಯೊ. "ನಾನು ಎಲ್ಲರ ಮುಂದೆ ಹೇಳ್ತೀನಿ."

"ಬರ್ತೀನಿ. ಇನ್ಲೆಗೋಸ್ಕರ. ನಿನಗೋಸ್ಕರ ಅಲ್ಲ," ಎಂದು ರುಫೀನೊ ಗಾಳ ಬಿಚ್ಚಿಕೊಂಡ.

ಹೊಸ ಬಟಾಗಳಿಗೆ ದನಿ ಕೊಡುವ ಪೂಜೆ ನಿಕೊಲಾಸಾಳ ಮನೆಯಲ್ಲೇ ಏರ್ಪಾಡಾಗಿತ್ತು. ಎಲಾದಿಯೊ ಬೆಳಿಗ್ಗೆಯೇ ಬಂದು ಗಾಜಿನ ಬೀರುವಿಗೆ ಒಂದು ದುಪ್ಪಟಿ ಹೊದಿಸಿದ್ದ. ಅಜ್ಜಿ ಅದನ್ನು ಕಿತ್ತು ತೆಗೆಸಿದಳು.

ರುಫೀನೊ ಒಳಗೆ ಬಂದಾಗ ಮಾತು ನಿಂತಿತು. ಅವನು ಯಾರನ್ನೂ ನೋಡದೆ, ಆಳಾಗಿ ಬಾಗಿ ಬಟಾಗಳಿಗೆ ನಮಸ್ಕರಿಸಿ, ನಡುವಿನದನ್ನು ತಾನು ತೂಗುಹಾಕಿದ್ದ ಅದೇ ಗೂಟದಿಂದ ಇಳಿಸಿಕೊಂಡ. ವಾದನ ಶುರುವಾಯಿತು. ಇನ್ಲೆ ಬಂದ. ಆ ಜಾಗ ಬಂತು. ಒರೆಸ್ತೆಸ್ ರೂಢಿಯಂತೆ ಕಣ್ಣು ಮುಚ್ಚಿ ಮೌನಕ್ಕೆ ಕಾದ.

ತಾಯಿ ಕರೆದಳು. ನಡುವಿನದು ಓಗೊಟ್ಟಿತು. ಹೊಳೆ ನಿಲ್ಲದೆ ಹರಿಯಿತು.

ಮುಗಿದ ಮೇಲೆ ಜನರೆಲ್ಲ ಹೆಣದ ಮನೆಯಲ್ಲಿ ನೋಡುವ ಹಾಗೆ ಮರುಕದಿಂದ ರುಫೀನೊನ ಕಡೆ ನೋಡುತ್ತಿದ್ದರು. ಎಲಾದಿಯೊ ಎದ್ದು ತಾಯಿಯನ್ನು ಗೂಟಕ್ಕೆ ಹಾಕಿದ. ಗಂಟಲು ಸರಿಮಾಡಿಕೊಂಡ.

"ಬಂಧುಗಳೇ. ಈ ಪವಿತ್ರ ಪರಂಪರೆಯ ಕಾವಲುಗಾರನಾಗಿ, ಒಂದು ಪ್ರಮಾದದ ಸಂಪೂರ್ಣ ಹೊಣೆಯನ್ನು ಇವತ್ತು ನಾನು ಹೊರುತ್ತಿದ್ದೇನೆ. ಮೌನ ನನ್ನ ತಪ್ಪು. ಇವತ್ತು ನುಡಿಸಿದ್ದೇ ಸರಿ."

ಒರೆಸ್ತೆಸ್ ಗಳಗಳನೆ ಅತ್ತುಬಿಟ್ಟ.

"ಅಯ್ಯೋ ನನ್ನಪ್ಪಾ, ಎಂಥಾ ದೊಡ್ಡ ಮನಸ್ಸು! ಹಳೇ ಸ್ನೇಹಿತ ಮೌನದಲ್ಲಿ ಬಾಯಿಹಾಕ್ತಾನೆ ಅಂತ ಗೊತ್ತಾಗಿ, ಅವನ ಮಾನ ಉಳಿಸೋಕೆ ತಾವೇ ಮುಂದಾಗಿ ಒಂದು ಕರೆ ಕೊಟ್ರಲ್ಲ! ಈಗ ತಪ್ಪೂ ತಮ್ಮದೇ ಅಂತೀರಲ್ಲ!"

"ಹೌದಲ್ವಾ!" ಎಂದರು ಜನ. ಯಾರೋ ಎಲಾದಿಯೊನ ಕೈಗೆ ಮುತ್ತಿಟ್ಟರು. ಇನ್ನೊಬ್ಬರು ರುಫೀನೊನ ಬೆನ್ನು ತಟ್ಟಿ, "ಇರ್ಲಿ ಬಿಡು, ವಯಸ್ಸಾಯ್ತು, ಎಲ್ರಿಗೂ ಆಗುತ್ತೆ," ಎಂದರು.

ಎಲಾದಿಯೊನ ಹೊಟ್ಟೆಯೊಳಗಿನ ಕಲ್ಲು ಪೂರ್ತಿ ಹೊರಳಿ ಬಿತ್ತು. ರುಫೀನೊ ಬಟಾ ತಬ್ಬಿಕೊಂಡು ಎದ್ದಿದ್ದ. ಅದೇ ಜಾಗ, ಅದೇ ನಿಲುವು.

"ನೋಡ್ದ್ಯಾ?" ಎಂದ ಅವನು, ಎಲಾದಿಯೊನಿಗೆ ಮಾತ್ರ ಕೇಳುವಷ್ಟು. "ಇನ್ನೊಂದ್ಸಲ ಕತ್ತೆ ಮಾಡ್ದೆ ನನ್ನ."

"ಟೋಪಿ ಹೇಳೋ!" ಎಂದು ಮೂಲೆಯ ಕುರ್ಚಿಯಿಂದ ನಿಕೊಲಾಸಾಳ ದನಿ ಬಂತು.

ಎಲಾದಿಯೊ ಬಾಯಿ ತೆರೆದ. ದೊಡ್ಡ ಮಾತುಗಳೇ ಮತ್ತೆ ಸಾಲುಗಟ್ಟಿ ಬಂದವು. ಅವನ್ನು ಒಂದೊಂದಾಗಿ ನುಂಗಿದ.

"ಟೋಪಿ ನೋಡ್ಕೊಳ್ತಿದ್ದೆ," ಎಂದ.

"ಏನು?" ಎಂದ ಒರೆಸ್ತೆಸ್.

"ಆವತ್ತು. ಹೊಸಾ ಟೋಪಿ. ಓರೆಯಾಗಿದ್ರೆ ಚೆನ್ನಾಗಿದೆಯಾ, ನೇರ ಮಾಡ್ಕೊಳ್ಳಾ ಅಂತ ಆ ಬೀರು ಗಾಜಿನಲ್ಲಿ ನೋಡ್ಕೊಳ್ತಿದ್ದೆ. ಕರೆಯೋದು ಮರೆತೆ. ಇವನು ಸರಿಯಾಗೇ ಓಗೊಟ್ಟ. ಗುರುಗಳ ಹೆಸರು ಹೇಳಿ ಸುಳ್ಳು ಬಿಟ್ಟೆ, ಇವನ ಮೇಲೆ ಹಾಕ್ದೆ."

ಎಲ್ಲ ತಲೆಗಳೂ ಬೀರುವಿನ ಕಡೆ ತಿರುಗಿದವು. ಗಾಜಿನಲ್ಲಿ ಎಲಾದಿಯೊ ನಿಂತಿದ್ದ. ತಲೆಯ ಮೇಲೆ ಟೋಪಿ, ತುಸು ಓರೆ.

ಪ್ರಮಾದ, ಹೊಣೆ ಎಂದಾಗ ನಂಬದ ಜನ ಟೋಪಿ ಎಂದ ಕೂಡಲೇ ನಂಬಿಬಿಟ್ಟರು. ಎಲಾದಿಯೊ ತಪ್ಪು ಮಾಡುತ್ತಾನೆಂದು ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕನ್ನಡಿ ನೋಡುತ್ತಾನೆಂಬುದು ಎಲ್ಲರಿಗೂ ಗೊತ್ತಿತ್ತು. ಮೊದಲು ಕಿಸಕ್ಕೆಂದವಳು ಒಬ್ದುಲಿಯಾ. ಆಮೇಲೆ ಮನೆ ಬಾಗಿಲು ದಾಟಿ, ಬೀದಿಯಲ್ಲಿ ನಿಂತವರಿಗೂ ನಗು ಹಬ್ಬಿತು. "ಮೌನದ ಕಾಣಿಕೆಯಂತೆ!" ಎಂದು ಯಾರೋ ಕೂಗಿದರು. "ಟೋಪಿಗೆ ಕಾಣಿಕೆ!" ಬೆನ್ನು ತಟ್ಟಿದವರು ರುಫೀನೊನ ಬೆನ್ನಿನಿಂದ ಮೆಲ್ಲಗೆ ಕೈ ತೆಗೆದರು. ಒರೆಸ್ತೆಸ್ ಮಾತ್ರ ನಗಲಿಲ್ಲ. ಮುಂಗೈಯ ಖಾಲಿ ಚರ್ಮವನ್ನು ಎವೆಯಿಕ್ಕದೆ ನೋಡುತ್ತಾ ನಿಂತಿದ್ದ.

ಎಲಾದಿಯೊ ತಾಯಿಯನ್ನು ಗೂಟದಿಂದ ಇಳಿಸಿ ರುಫೀನೊನ ಎದುರು ಹಿಡಿದ. "ದನಿ ನೀನು ಕೊಡು. ನಡುವಿನದು ನಾನು ಹಿಡೀತೀನಿ."

ಎಲಾದಿಯೊ ತಾಯಿಯನ್ನು ಬಿಟ್ಟು ಪಕ್ಕಕ್ಕೆ ಸರಿದು ಕೂತದ್ದನ್ನು ಆ ಕೇರಿಯ ಚಿಕ್ಕವರು ಕಂಡೇ ಇರಲಿಲ್ಲ. ಹೊಸ ಮೂರು, ಹಳೆಯ ಮೂರು ಎದುರುಬದುರಾದವು. ರುಫೀನೊ ಕರೆದ. ಎಲಾದಿಯೊ ಓಗೊಟ್ಟ. ಒರೆಸ್ತೆಸ್ ಮಡಿಲಿನ ಹೊಸ ತಾಯಿ ಅಳುಕುತ್ತ ಅದನ್ನೇ ನುಡಿಯಿತು, ಮತ್ತೆ ನುಡಿಯಿತು, ಹಳೆಯವು ಒಂದೊಂದಾಗಿ ಸುಮ್ಮನಾದವು. ಯೂನಿಯನ್ ಸಿಟಿಗೆ ಹೊರಟ ದನಿ ರುಫೀನೊನ ಕೈಯದಾಗಿತ್ತು. ಎಲಾದಿಯೊನಿಗೆ ಹೊಟ್ಟೆಕಿಚ್ಚೇ ಆಯಿತು. ಆಗಬಾರದಿತ್ತೆಂದು ಇನ್ನಷ್ಟು ನಾಚಿಕೆಯಾಯಿತು.

ಬಟಾ ನುಡಿಸಿದವರಿಗೇ ಮೊದಲ ಪಂಕ್ತಿ. ಅವರು ಎದ್ದ ಮೇಲೆಯೇ ಉಳಿದವರು ಕೂರಬೇಕು. ಆಡಿನ ಮಾಂಸ, ಕರಿಕಾಳಿನ ಅನ್ನ, ಬೆಳ್ಳುಳ್ಳಿ ಹಾಕಿದ ಮರಗೆಣಸು ಬಂತು. ರುಫೀನೊ ಮೂಳೆ ಚೀಪಿ ಚೀಪಿ ತಿಂದ, ಮತ್ತೆ ಹಾಕಿಸಿಕೊಂಡ, ಮತ್ತೂ ಹಾಕಿಸಿಕೊಂಡ. ಹಸಿದ ಜನ ಗೋಡೆಗೊರಗಿ ಕಾಯುತ್ತಿದ್ದರು. ಯಾರೂ ಬೇಗ ಏಳು ಎನ್ನಲಿಲ್ಲ. ಎಲಾದಿಯೊ ತನ್ನ ತಟ್ಟೆ ಮುಟ್ಟದೆ ಅವನು ತಿನ್ನುವುದನ್ನೇ ನೋಡುತ್ತಿದ್ದ. ಇಷ್ಟು ವರ್ಷ ಇವನು ಪೂಜೆಯ ಊಟಕ್ಕೆ ಎಲ್ಲಿ ಕೂತನೋ, ಕೂತನೋ ಇಲ್ಲವೋ. ಅದು ಎಲಾದಿಯೊನಿಗೆ ಆವರೆಗೆ ಹೊಳೆದೇ ಇರಲಿಲ್ಲ.

ಒರೆಸ್ತೆಸ್ ಹೊರಟುಹೋದ. ಎಲಾದಿಯೊ ಬೀದಿಯಲ್ಲಿ ನಡೆದರೆ ಹುಡುಗರು ತಲೆಯ ಮೇಲೆ ಇಲ್ಲದ ಟೋಪಿಯನ್ನು ಓರೆ ಮಾಡಿಕೊಂಡು ಗಲ್ಲ ಎತ್ತುತ್ತಿದ್ದರು. ಶಿಷ್ಯರು ಅವನ ಎದುರು ಹೊಸ ಪಾಠ ನುಡಿಸಿ, ಗಲ್ಲಿಯ ತಿರುವು ದಾಟಿದ ಮೇಲೆ ರೂಢಿಯಂತೆ ಮೌನಕ್ಕೇ ಬೀಳುತ್ತಿದ್ದರು. ಗಾಳಿಯಲ್ಲಿ ಆ ತೂತು ಕೇಳಿಸುತ್ತಿತ್ತು. ಅವರ ಕೈಯಿಂದ ಅದನ್ನು ಕೀಳುವುದು ತನ್ನ ಆಯುಷ್ಯದಲ್ಲಿ ಮುಗಿಯುವ ಕೆಲಸವಲ್ಲವೆಂದು ಅವನಿಗೆ ತಿಳಿದಿತ್ತು.

ಒಂದು ಸಂಜೆ ಸೇತುವೆಗೆ ಹೋದ. ರುಫೀನೊ ನೀರು ನೋಡುತ್ತಿದ್ದ.

"ಆವತ್ತು ಎಲ್ಲರ ಮುಂದೆ ಹೇಳ್ದೆನಲ್ಲ," ಎಂದ ಎಲಾದಿಯೊ. "ನೀನು ಏನೂ ಅನ್ಲಿಲ್ಲ."

"ಎಲ್ಲರಿಗೆ ಹೇಳ್ದೆ. ನಂಗೆಲ್ಲಿ ಹೇಳ್ದೆ? ಕರೆಯದೆ ಓಗೊಟ್ಟು ಒಂದ್ಸಲ ಅನುಭವಿಸಿದ್ದೀನಪ್ಪ."

ಎಲಾದಿಯೊ ಕಂಬಿ ಹಿಡಿದುಕೊಂಡ. ನದಿ ಕೆಳಗೆ ಕಂದು ಬಣ್ಣದಲ್ಲಿ ಕಡಲ ಕಡೆ ಹೋಗುತ್ತಿತ್ತು.

"ತಪ್ಪಾಯ್ತು ಕಣೋ," ಎಂದ.

ರುಫೀನೊ ಗಾಳದ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಆಮೇಲೆ ಕಾಲ ಬಳಿ ಇದ್ದ ಡಬ್ಬಿಯನ್ನು ಪಾದದಿಂದ ಇತ್ತ ತಳ್ಳಿದ. ಕೊಚ್ಚಿದ ಮೀನಿನ ಕರುಳು, ದಿನವಿಡೀ ಬಿಸಿಲಲ್ಲಿದ್ದದ್ದು; ನಾತ ಮೂಗಿಗೆ ಹೊಡೆಯಿತು.

"ಎರೆ ಚುಚ್ಚು. ಕೈ ಸುಮ್ನೆ ಯಾಕೆ ಇಟ್ಕೊಂಡಿದ್ದೀಯ?"

ಎಲಾದಿಯೊ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಎರಡು ಬೆರಳನ್ನು ಡಬ್ಬಿಯೊಳಗೆ ಇಳಿಸಿದ.

"ಒಬ್ದುಲಿಯಾಗೆ ಹೇಳ್ಬೇಡ," ಎಂದ. "ಇದು ಗೊತ್ತಾದ್ರೆ ನಾಳೆಯಿಂದ ತಟ್ಟೆ ತೊಳೆಸ್ತಾಳೆ."

"ಹೇಳೇ ಹೇಳ್ತೀನಿ," ಎಂದು ರುಫೀನೊ ಗಾಳದ ಮುಳ್ಳನ್ನು ಅವನ ಕಡೆ ಚಾಚಿದ.